ಗಲ್ಫಿನಿಂದ ಬಂದ ಉಕ್ಕಿನ ಸೈಕಲಿಗೆ ಎಂಟು ಗೇರು: ಬದಿಯಡ್ಕದ ಒಂದು ಪ್ರಕರಣ

ಹಳೇ ಉಕ್ಕಿನ ರೋಡ್ ಸೈಕಲಿಗೆ ಈಚಿನ ಪಾರ್ಟ್ಸ್ ಹಾಕಿಸಬೇಕು ಎಂದು ಹೊರಟವರು ಸಾಮಾನ್ಯವಾಗಿ ಮೊದಲು ಗೇರು ಹುಡುಕುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಹಿಂದಿನ ಚಕ್ರ. ಎಷ್ಟು ಗೇರು ಕೂರುತ್ತದೆ, ಯಾವ ಚೈನು ಬೇಕು, ಬ್ರೇಕು ರಿಮ್ಮಿಗೆ ಎಟಕುತ್ತದೋ ಇಲ್ಲವೋ, ಎಲ್ಲವೂ ಆ ಚಕ್ರದಿಂದ ತೀರ್ಮಾನವಾಗುತ್ತದೆ. ಎರಡನೆಯ ಮಾತು: ಪಾರ್ಟ್ಸ್ ಅಲ್ಲೊಂದು ಇಲ್ಲೊಂದು ಕೊಳ್ಳುವುದಕ್ಕಿಂತ ಒಂದೇ ಸೈಕಲಿನಿಂದ ಬಿಚ್ಚಿದ ಸೆಟ್ ಸಿಕ್ಕಿದರೆ ಅರ್ಧ ತಲೆನೋವು ಕಡಿಮೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಭಾವನ ಸೈಕಲಿಗೆ ಮಾಡಿದ ಕೆಲಸ ಈ ಎರಡು ಮಾತಿಗೂ ಒಳ್ಳೆಯ ಉದಾಹರಣೆ. ಹಾಗಾಗಿ ಪೂರ್ತಿ ಬರೆಯುತ್ತಿದ್ದೇನೆ.

ಸೈಕಲ್ ಯಾವುದು, ದಾರಿ ಯಾವುದು

ಭಾವನ ದೊಡ್ಡಪ್ಪ ಎಂಬತ್ತರ ದಶಕದಲ್ಲಿ ಗಲ್ಫಿನಿಂದ ಊರಿಗೆ ಮರಳುವಾಗ ಸಾಮಾನಿನ ಜೊತೆ ಒಂದು ಜಪಾನಿ ರೋಡ್ ಸೈಕಲ್ ತಂದಿದ್ದರು. ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನ ಸಪೂರ ಪೈಪುಗಳು, ಲಗ್ (ಪೈಪಿನ ತುದಿ ಒಳಗೆ ಕೂರುವ ಲೋಹದ ತೋಳು) ಹಾಕಿ ಬೆಸೆದ ಜಾಯಿಂಟು, ಬಗ್ಗಿದ ಹ್ಯಾಂಡಲ್. ಕೆಲವು ವರ್ಷ ಓಡಿ ಆಮೇಲೆ ಅದು ಅಡಿಕೆ ಕೊಟ್ಟಿಗೆಯ ಮಾಡಿಗೆ ನೇತುಬಿತ್ತು. ಹಿಂದಿನ ಡಿರೇಲರಿನ, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗದ, ಒಳಮೈಯಲ್ಲಿ ‘ಜೆ’, ‘ಜಿ’ ಎಂದು ಎರಡು ಅಕ್ಷರ ಒತ್ತಿದ್ದಾರೆ. ಜಪಾನಿನ ಶಿಮಾನೊ ಕಂಪೆನಿಯ ಆ ಕಾಲದ ಪಾರ್ಟ್ಸಿನಲ್ಲಿ ಮೊದಲ ಅಕ್ಷರ ವರ್ಷ, ಎರಡನೆಯದು ತಿಂಗಳು. 1976ಕ್ಕೆ ‘ಎ’ ಎಂದು ಲೆಕ್ಕ ಶುರು. ಅಲ್ಲಿಗೆ ಇದು 1985ರ ಜುಲೈ ತಿಂಗಳ ಮಾಲು.

ಹಿಂದೆ ಆರು ಹಲ್ಲುಚಕ್ರ, ಅದರಲ್ಲಿ ದೊಡ್ಡದಕ್ಕೆ 24 ಹಲ್ಲು. ಮುಂದೆ 52 ಮತ್ತು 42. ಗೇರು ಬದಲಿಸುವ ಸಣ್ಣ ಲಿವರುಗಳು ಕೆಳಗಿನ ಪೈಪಿನಲ್ಲಿವೆ, ಕ್ಲಿಕ್ ಇಲ್ಲ. ಅಂದಾಜಿನ ಮೇಲೆ ಎಳೆದು ನಿಲ್ಲಿಸಬೇಕು. ಶಿಮಾನೊದ ಕ್ಲಿಕ್ ಗೇರು 1984ರಲ್ಲಿ ಡ್ಯುರಾ-ಏಸ್ ಎಂಬ ಅವರ ಮೇಲಿನ ದರ್ಜೆಯ ಸೆಟ್ಟಿನಲ್ಲಿ ಬಂದಿತ್ತು. ಬ್ರೇಕು ಗೇರು ಎರಡೂ ಒಂದೇ ಲಿವರಿನಲ್ಲಿ ಬಂದದ್ದು 1990ರಲ್ಲಿ. ಭಾವನಿಗೆ ಬೇಕಿದ್ದದ್ದು ಅದೇ. ಹ್ಯಾಂಡಲಿನಿಂದ ಕೈ ತೆಗೆಯದೆ ಗೇರು ಬದಲಿಸಬೇಕು.

ಯಾಕೆ ಎಂದು ಇಲ್ಲಿನ ರಸ್ತೆ ನೋಡಿದವರಿಗೆ ಹೇಳಬೇಕಾಗಿಲ್ಲ. ಬದಿಯಡ್ಕದಿಂದ ಪೆರ್ಲ ದಾಟಿ ಅಡ್ಕಸ್ಥಳದ ಕಡೆ ಹೋಗಿ, ಅಥವಾ ನೀರ್ಚಾಲು, ಸೀತಾಂಗೋಳಿ ಮೇಲಾಗಿ ಕುಂಬಳೆಗೆ ಇಳಿಯಿರಿ. ಎಲ್ಲೂ ಒಂದೇ ಸಮ ನೆಲ ಇಲ್ಲ. ಮುರಕಲ್ಲಿನ ಪದವು (ಎತ್ತರದ ಬಯಲು) ಹತ್ತಬೇಕು, ತೋಟದ ತಗ್ಗಿಗೆ ಇಳಿಯಬೇಕು, ಮತ್ತೆ ಹತ್ತಬೇಕು. ತಿರುವಿನಲ್ಲಿ ಎದುರಿಂದ ಬಸ್ಸು ಬರುವಾಗ ಒಂದು ಕೈ ಕೆಳಗೆ ಹಾಕಿ ಲಿವರ್ ಹುಡುಕುವುದು ಕ್ಷೇಮವಲ್ಲ.

ಏರಿಗೆ ಹಳೇ ಗೇರು ಎಷ್ಟು ಭಾರ ಎಂಬ ಲೆಕ್ಕ ಸುಲಭ. ಮುಂದೆ 42, ಹಿಂದೆ 24 ಹಾಕಿ ಪೆಡಲ್ ಒಂದು ಸುತ್ತು ತುಳಿದರೆ ಚಕ್ರ 1.75 ಸುತ್ತು ತಿರುಗುತ್ತದೆ, ಸೈಕಲ್ ಸುಮಾರು ಮೂರೂ ಮುಕ್ಕಾಲು ಮೀಟರ್ ಮುಂದೆ ಹೋಗುತ್ತದೆ. ಮುಂದೆ 34, ಹಿಂದೆ 32 ಇದ್ದರೆ ಅದೇ ಒಂದು ಸುತ್ತಿಗೆ ಎರಡೂ ಕಾಲು ಮೀಟರ್. ನಿಧಾನ ಆಗುತ್ತದೆ, ನಿಜ. ಆದರೆ ಕಾಲು ಉಳಿಯುತ್ತದೆ, ಸೀಟಿನಿಂದ ಏಳದೆ ಪದವು ಹತ್ತಬಹುದು.

“ಹೊಸದೇ ತೆಗೊಳ್ಳುದಲ್ವಾ ಅಂತ ಎಲ್ಲ ಕೇಳ್ತಾರೆ ಭಾವಾ. ಆದ್ರೆ ದೊಡ್ಡಪ್ಪನ ಸೈಕಲ್ ಇದು. ನೇತು ಹಾಕಿ ಇಡ್ಲಿಕ್ಕೆ ಮನಸ್ಸು ಬರುದಿಲ್ಲ” ಎಂದ. ನನಗೂ ಅದು ಸರಿ ಅನ್ನಿಸಿತು. ಆ ಪೈಪುಗಳಿಗೆ ಇನ್ನೂ ಎಷ್ಟೋ ವರ್ಷದ ಆಯಸ್ಸಿದೆ.

ಬಿಚ್ಚುವಾಗ

ಕುಂಬಳೆ ರಸ್ತೆಯಲ್ಲಿ ಒಬ್ಬರು ಇಚ್ಚ (ಇಲ್ಲಿನ ಮಾತಿನಲ್ಲಿ ಅಣ್ಣ) ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಹಳೇ ಕಾಲದ ಕೈ ಅವರದು. ಮೊದಲು ಅವರಲ್ಲಿಗೆ ಒಯ್ದೆವು, ಏನನ್ನೂ ಕೊಳ್ಳುವ ಮೊದಲೇ. ಫ್ರೇಮು ಗಟ್ಟಿ ಇಲ್ಲದಿದ್ದರೆ ಉಳಿದ ಖರ್ಚೆಲ್ಲ ದಂಡ.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಅದರ ಮೇಲೆ ಸಮುದ್ರದ ಉಪ್ಪುಗಾಳಿ. ಉಕ್ಕಿನ ಸೈಕಲಿಗೆ ಹೊರಗಿನ ತುಕ್ಕು ದೊಡ್ಡ ಅಪಾಯವಲ್ಲ, ಅದು ಕಣ್ಣಿಗೆ ಕಾಣುತ್ತದೆ. ಒಳಗಿನ ತುಕ್ಕು ಕಾಣುವುದಿಲ್ಲ. ಸೀಟಿನ ಪೈಪಿನಿಂದ ಇಳಿದ ನೀರು ಪೆಡಲ್ ಕ್ರ್ಯಾಂಕಿನ ಗೂಡಿನಲ್ಲಿ, ಅಂದರೆ ಬಿಬಿ ಶೆಲ್ಲಿನಲ್ಲಿ ಬಂದು ನಿಲ್ಲುತ್ತದೆ. ಹಾಗಾಗಿ ಮೊದಲು ಅದನ್ನೇ ಬಿಚ್ಚಿದೆವು. ಒಂದು ವಿಷಯ ನೆನಪಿಡಿ: ಜಪಾನಿ ಮತ್ತು ಇಂಗ್ಲಿಷ್ ಥ್ರೆಡ್ಡಿನ ಫ್ರೇಮಿನಲ್ಲಿ ಚೈನಿನ ಬದಿಯ ಕಪ್ಪಿಗೆ (ಬೇರಿಂಗ್ ಕೂರುವ ಬಟ್ಟಲಿಗೆ) ಉಲ್ಟಾ ಥ್ರೆಡ್. ಬಲಕ್ಕೆ ತಿರುಗಿಸಿದರೆ ಸಡಿಲಾಗುತ್ತದೆ. ಎಡಕ್ಕೆ ತಿರುಗಿಸುತ್ತಾ ಇದ್ದರೆ ಇನ್ನೂ ಬಿಗಿಯುತ್ತದೆ, ಕೊನೆಗೆ ಸ್ಪ್ಯಾನರ್ ಜಾರಿ ಕಪ್ಪಿನ ಅಂಚು ಹೋಗುತ್ತದೆ.

ಆ ಬಟ್ಟಲು ಕಳಚಿ ಬಂದ ಮೇಲೆ ಒಳಗಿನಿಂದ ಕೆಂಪು ಹುಡಿ ಸುರಿಯಿತು. ತುಕ್ಕು ಎಂದುಕೊಂಡೆವು. ಇಚ್ಚ ಬೆರಳಲ್ಲಿ ಉಜ್ಜಿ ನೋಡಿ “ಮಣ್ಣು ಇದು, ಹುಳದ್ದು” ಎಂದರು. ಕುಂಬಾರ ಹುಳ ಹಿಂದಿನ ಪೈಪಿನ ಗಾಳಿ ತೂತಿನಲ್ಲಿ ಗೂಡು ಕಟ್ಟಿತ್ತು. ಕೆದಕಿ ತೆಗೆದು, ಟಾರ್ಚ್ ಬಿಟ್ಟು ನೋಡಿದೆವು. ಮೇಲ್ಮೈಯಲ್ಲಿ ಕಂದು ಬಣ್ಣ ಬಿಟ್ಟರೆ ಉಕ್ಕು ಗಟ್ಟಿ. ಮೊನೆಯಾದ ದಬ್ಬಳದಿಂದ ಚುಚ್ಚಿ, ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಪೈಪುಗಳ ಕೆಳಮೈಯನ್ನೆಲ್ಲ ಪರೀಕ್ಷಿಸಿದರು. ಎಲ್ಲೂ ಸದ್ದು ಮೊದ್ದಾಗಲಿಲ್ಲ.

ಕಷ್ಟ ಕೊಟ್ಟದ್ದು ಸೀಟಿನ ಕಂಬ. ಕಂಬ ಅಲ್ಯುಮಿನಿಯಂ, ಪೈಪು ಉಕ್ಕು. ಬೇರೆ ಬೇರೆ ಎರಡು ಲೋಹ ಉಪ್ಪಿನ ತೇವದಲ್ಲಿ ವರ್ಷಗಟ್ಟಲೆ ತಾಗಿಕೊಂಡಿದ್ದರೆ ಅಲ್ಯುಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಜಾಗ ಜಾಸ್ತಿ ಬೇಕು, ಹಾಗಾಗಿ ಪೈಪಿನೊಳಗೆ ಬಿಗಿದು ಕೂರುತ್ತದೆ. ಸುತ್ತಿಗೆಯಿಂದ ಹೊಡೆದರೆ ಏನೂ ಆಗುವುದಿಲ್ಲ. ಫ್ರೇಮನ್ನು ತಲೆಕೆಳಗೆ ಮಾಡಿ, ಬಿಬಿ ಶೆಲ್ಲಿನ ಕಡೆಯಿಂದ ಸೀಟಿನ ಪೈಪಿನೊಳಗೆ ಅಮೋನಿಯಾ ಹೊಯ್ದು ಬಿಟ್ಟೆವು. ಅಮೋನಿಯಾಕ್ಕೆ ಈ ಬಿಳಿ ಪುಡಿಯನ್ನು ಸಡಿಲಿಸುವ ಗುಣ ಇದೆ. ಬಾಗಿಲು ಕಿಟಕಿ ತೆರೆದಿಟ್ಟೇ ಈ ಕೆಲಸ ಮಾಡಬೇಕು, ಹೊಗೆ ಕಣ್ಣಿಗೆ ಶ್ವಾಸಕ್ಕೆ ಕೆಟ್ಟದ್ದು. ತೊಳೆದು ಒಣಗಿಸಿ ಆಮೇಲೆ ತುಕ್ಕು ಬಿಡಿಸುವ ಎಣ್ಣೆ. ಕೊನೆಗೆ ಕಂಬದ ತಲೆಯನ್ನು ಬೆಂಚ್ ವೈಸಿನಲ್ಲಿ ಕಚ್ಚಿಸಿ, ಇಡೀ ಫ್ರೇಮನ್ನೇ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರು. ಮೊದಲು ಕೂದಲೆಳೆಯಷ್ಟು ಅಲುಗಿತು. ಆಚೆ ಈಚೆ, ಆಚೆ ಈಚೆ. ಒಮ್ಮೆ ಕೀರಲು ಸದ್ದು ಬಂದು ಬಿಟ್ಟಿತು. ಕಂಬ ಹಾಳಾಯಿತು, ಪೈಪು ಉಳಿಯಿತು. ಕಂಬದ ಮೇಲೆ 26.8 ಎಂದು ಒತ್ತಿದ್ದು ಓದಲು ಬರುತ್ತಿತ್ತು. ಅದೇ ಅಳತೆಯದ್ದು ಬೇಕು. 27.2 ಎಲ್ಲ ಕಡೆ ಸಿಗುತ್ತದೆ ಎಂದು ಅದನ್ನು ತುರುಕಿದರೆ ಲಗ್ ಸೀಳುತ್ತದೆ.

ಅಳತೆ, ಆಮೇಲೆ ಖರೀದಿ

ವರ್ನಿಯರ್ ಹಿಡಿದು ಬರೆದುಕೊಂಡ ಲೆಕ್ಕ ಹೀಗಿದೆ. ಹಿಂದಿನ ಚಕ್ರ ಕೂರುವ ಎರಡು ಕೊಕ್ಕೆಗಳ ನಡುವೆ 126 ಮಿ.ಮೀ. ಆರು ಗೇರಿನ ಕಾಲದ ಅಳತೆ ಅದು. ಎಂಟು, ಒಂಬತ್ತು, ಹತ್ತು ಗೇರಿನ ರೋಡ್ ಸೈಕಲಿನ ಹಬ್ಬಿಗೆ (ಚಕ್ರದ ನಡುವಿನ ಗುಂಬಕ್ಕೆ) 130 ಬೇಕು. ಬಿಬಿ ಶೆಲ್ 68 ಮಿ.ಮೀ., ಇಂಗ್ಲಿಷ್ ಥ್ರೆಡ್, ಅಂದರೆ ಇಂದಿನ ಪಾರ್ಟ್ಸೂ ಸೀದಾ ಕೂರುತ್ತದೆ. ಇದು ಹಳೇ ಫ್ರೆಂಚ್ ಅಥವಾ ಇಟಾಲಿಯನ್ ಸೈಕಲ್ ಆಗಿದ್ದರೆ ಈ ಮಾತು ಹೇಳುವ ಹಾಗಿರಲಿಲ್ಲ, ಅವುಗಳ ಥ್ರೆಡ್ಡೇ ಬೇರೆ. ಟಯರಿನ ಬದಿಯಲ್ಲಿ 32-630 ಎಂದಿತ್ತು, ಅಂದರೆ 27 ಇಂಚಿನ ರಿಮ್. ಈ ಟಯರು ಈಗ ಸಿಗುವುದು ಕಷ್ಟ. ನಮ್ಮ ಅಂಗಡಿಗಳಲ್ಲಿ ಸಿಗುವ ದೊಡ್ಡ ಸೈಕಲಿನ 28 ಇಂಚಿನದು 635, ಅದು ಇದಕ್ಕೆ ಆಗುವುದಿಲ್ಲ. ಈಗಿನ ರೋಡ್ ಸೈಕಲುಗಳದ್ದು 622.

ಹೀಗೆ ಅಗಲಕ್ಕೂ ವ್ಯಾಸಕ್ಕೂ ಚಕ್ರ ಬದಲಾಗಲೇಬೇಕು ಎಂದಾಯಿತು. ಉಳಿದದ್ದೆಲ್ಲ ಅದರ ಹಿಂದೆ.

ಎಂಟೋ, ಹತ್ತೋ? ಭಾವನಿಗೆ ಹತ್ತರ ಮೇಲೆ ಆಸೆ. ನಾನು ಎಂಟಕ್ಕೇ ಹಟ ಹಿಡಿದೆ. ಶಿಮಾನೊ ಎಂಟರಲ್ಲಿ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ 4.8 ಮಿ.ಮೀ. ದೂರ, ಹತ್ತರಲ್ಲಿ 3.95. ಸಂದು ಸಣ್ಣದಾದಷ್ಟೂ ಡಿರೇಲರ್ ನೆಟ್ಟಗಿರಬೇಕು, ಕೇಬಲ್ ಶುದ್ಧ ಇರಬೇಕು. ಕೆಂಪು ಮಣ್ಣು ಮತ್ತು ನಾಲ್ಕು ತಿಂಗಳ ಮಳೆಯ ಊರಿನಲ್ಲಿ, ನಾಲ್ಕು ದಶಕದ ಫ್ರೇಮಿನ ಮೇಲೆ, ಎಂಟು ಗೇರು ತಪ್ಪನ್ನು ಜಾಸ್ತಿ ತಾಳಿಕೊಳ್ಳುತ್ತದೆ. ಚೈನು ದಪ್ಪ, ಬೆಲೆಯೂ ಕಡಿಮೆ.

ಮಂಗಳೂರಿನಲ್ಲಿ ಒಬ್ಬರ ಅಲ್ಯುಮಿನಿಯಂ ರೋಡ್ ಸೈಕಲಿನ ಫ್ರೇಮು ಸೀಟಿನ ಬುಡದಲ್ಲಿ ಬಿರುಕು ಬಿಟ್ಟಿತ್ತು. ಅಲ್ಯುಮಿನಿಯಂ ಬಿರುಕಿಗೆ ಬೆಸುಗೆ ಹಾಕಿ ಓಡಿಸುವುದು ಬುದ್ಧಿವಂತಿಕೆ ಅಲ್ಲ. ಅವರು ಪೂರ್ತಿ ಸೈಕಲನ್ನೇ ಮಾರಲು ಒಪ್ಪಿದರು. ಶಿಮಾನೊ ಕ್ಲಾರಿಸ್ ಎಂಟು ಗೇರಿನ ಸೆಟ್, ಮುಂದೆ 50/34, ಹಿಂದೆ 11ರಿಂದ 32, ಚಕ್ರ 622, ಹಬ್ 130. ಲಿವರು, ಡಿರೇಲರು, ಕ್ಯಾಸೆಟ್ಟು (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಎಲ್ಲ ಒಂದಕ್ಕೊಂದು ಕೂಡಿ ಓಡಿದವು. ಕೇಬಲ್ ಎಷ್ಟು ಎಳೆದರೆ ಡಿರೇಲರ್ ಎಷ್ಟು ಸರಿಯಬೇಕು ಎಂಬ ಲೆಕ್ಕ ಕಂಪೆನಿಯಲ್ಲೇ ಕೂಡಿಸಿಟ್ಟದ್ದು. ಬಿಡಿಬಿಡಿಯಾಗಿ ಕೊಳ್ಳುವವರು ಈ ಲೆಕ್ಕದಲ್ಲೇ ಮುಗ್ಗರಿಸುತ್ತಾರೆ.

ಹಣ ಕೊಡುವ ಮೊದಲು ನೋಡಿದ್ದು: ರಿಮ್ಮಿನ ಬದಿ ಬ್ರೇಕಿನಿಂದ ಸವೆದು ಒಳಗೆ ಗುಳಿ ಬಿದ್ದಿದೆಯಾ, ಪೆಡಲ್ ಕೂರುವ ಜಾಗದಲ್ಲಿ ಕ್ರ್ಯಾಂಕಿಗೆ ಬಿರುಕಿದೆಯಾ, ಹಬ್ಬು ಕೈಯಲ್ಲಿ ತಿರುಗಿಸಿದರೆ ಕರಕರ ಎನ್ನುತ್ತದಾ. ಚೈನು ಅಳೆದೆವು. ಹೊಸ ಚೈನಿನ 24 ಪಿನ್ನಿನ ದೂರ ಸರಿಯಾಗಿ 12 ಇಂಚು. ಇದರಲ್ಲಿ ಎಂಟನೇ ಒಂದು ಇಂಚು ಜಾಸ್ತಿ ಇತ್ತು. ಅಷ್ಟು ಹಿಗ್ಗಿದ್ದರೆ ಚೈನು ಬಿಸಾಡಬೇಕು, ಕ್ಯಾಸೆಟ್ಟಿನ ಮೇಲೂ ಅನುಮಾನ ಪಡಬೇಕು. ಹಾಗಾಗಿ ಚೈನು, ಕ್ಯಾಸೆಟ್ಟು, ಎಲ್ಲ ಕೇಬಲ್, ಬ್ರೇಕ್ ರಬ್ಬರು, ಬಿಬಿ ಬೇರಿಂಗು, ಟಯರು ಹೊಸದು ಎಂದು ತೀರ್ಮಾನ. ಇವುಗಳನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಉಳಿಸುವ ದುಡ್ಡು ದುಡ್ಡಲ್ಲ.

ನಾಲ್ಕು ಮಿಲಿಮೀಟರ್

126ರ ಫ್ರೇಮಿಗೆ 130ರ ಹಬ್ಬನ್ನು ಕೈಯಿಂದ ಅಗಲಿಸಿ ತುರುಕಬಹುದು. ಎಷ್ಟೋ ಜನ ಹಾಗೇ ಓಡಿಸುತ್ತಾರೆ. ಆದರೆ ಮಳೆಯಲ್ಲಿ ದಾರಿಬದಿ ಪಂಕ್ಚರ್ ಆದಾಗ, ಒಂದು ಕೈಯಲ್ಲಿ ಫ್ರೇಮು ಅಗಲಿಸಿ ಇನ್ನೊಂದರಲ್ಲಿ ಚಕ್ರ ಹಿಡಿಯುವುದು ಹಿಂಸೆ. ಉಕ್ಕು ಒಳ್ಳೆಯದಿದ್ದರೆ ಬಗ್ಗಿಸಿಯೇ ಬಿಡುವುದು ಮೇಲು. ಬಿಸಿ ಮಾಡದೆ, ತಣ್ಣಗೇ. ಅಲ್ಯುಮಿನಿಯಂ ಅಥವಾ ಕಾರ್ಬನ್ ಫ್ರೇಮಿಗೆ ಮಾತ್ರ ಈ ಪ್ರಯೋಗ ಯಾವತ್ತೂ ಕೂಡದು.

ಎರಡೂ ಬದಿ ಒಟ್ಟಿಗೆ ಎಳೆದರೆ ಮೆತ್ತಗಿರುವ ಬದಿಯೇ ಪೂರ್ತಿ ಬಗ್ಗುತ್ತದೆ, ಚಕ್ರ ಓರೆಯಾಗುತ್ತದೆ. ಒಂದೊಂದು ಬದಿಗೆ ಎರಡೆರಡು ಮಿ.ಮೀ. ಸರಿಯಬೇಕು. ಪರೀಕ್ಷೆಗೆ ಒಂದು ನೂಲು ಸಾಕು. ಹಿಂದಿನ ಒಂದು ಕೊಕ್ಕೆಗೆ ಕಟ್ಟಿ, ಮುಂದೆ ಹ್ಯಾಂಡಲ್ ಪೈಪನ್ನು ಸುತ್ತಿಸಿ, ಇನ್ನೊಂದು ಕೊಕ್ಕೆಗೆ ಬಿಗಿಯಾಗಿ ತಂದು ಕಟ್ಟಬೇಕು. ಸೀಟಿನ ಪೈಪಿಗೂ ನೂಲಿಗೂ ಇರುವ ಸಂದು ಎರಡೂ ಕಡೆ ಒಂದೇ ಇದ್ದರೆ ಫ್ರೇಮು ನೇರ.

ಇಚ್ಚ ಒಂದು ಉದ್ದ ರೀಪು ತಂದರು. ಫ್ರೇಮನ್ನು ಮಲಗಿಸಿ, ರೀಪಿನ ತುದಿಯನ್ನು ಸೀಟಿನ ಪೈಪಿಗೆ ಆನಿಸಿ, ಎಡಬದಿಯ ಕೊಕ್ಕೆಯ ಹತ್ತಿರ ಸನ್ನೆ ಹಾಕಿ ಎತ್ತಿದರು. ಬಿಟ್ಟರೆ ಫ್ರೇಮು ಮೊದಲಿದ್ದಲ್ಲಿಗೇ ವಾಪಸ್. ಒಳ್ಳೆಯ ಉಕ್ಕಿನ ಗುಣವೇ ಅದು, ಒಂದು ಮಿತಿಯವರೆಗೆ ಬಗ್ಗಿದ್ದೆಲ್ಲ ಮರಳುತ್ತದೆ. ಆ ಮಿತಿ ದಾಟಿದ ಮೇಲಿನದು ಮಾತ್ರ ಉಳಿಯುತ್ತದೆ. ಭಾವನಿಗೆ ಜೀವ ಹೋದಷ್ಟು ಗಾಬರಿ. “ನಿಧಾನ ಮಾಡುವ, ಅವಸರ ಎಂತಕೆ?” ಎಂದು ಇಚ್ಚ ಮತ್ತೆ ಸ್ವಲ್ಪ ಜಾಸ್ತಿ ಎತ್ತಿದರು, ಅಳೆದರು. ಇನ್ನೂ ಸ್ವಲ್ಪ. 127. ಮತ್ತೆ. 128. ನೂಲು ಕಟ್ಟಿ ನೋಡಿ, ಮಗುಚಿ ಹಾಕಿ, ಬಲಬದಿ. ಪ್ರತಿ ಸಲವೂ ಎತ್ತುವುದಕ್ಕಿಂತ ಅಳೆಯುವುದಕ್ಕೇ ಹೊತ್ತು ಹಿಡಿಯಿತು. ಈ ತಾಳ್ಮೆ ದುಡ್ಡಿಗೆ ಸಿಗುವಂಥದ್ದಲ್ಲ.

ಬಗ್ಗಿಸಿದ ಮೇಲೆ ಡಿರೇಲರ್ ತೂಗುವ ಹ್ಯಾಂಗರ್ ನೇರ ಇದೆಯಾ ನೋಡಬೇಕು. ಅದಕ್ಕೆಂದೇ ಒಂದು ಗೇಜ್ ಬರುತ್ತದೆ, ಇಚ್ಚನ ಬಳಿ ಇರಲಿಲ್ಲ. ಅವರು ಮಾಡಿದ ಉಪಾಯ ನನಗೆ ತುಂಬ ಇಷ್ಟವಾಯಿತು. ಹ್ಯಾಂಗರಿನ ಥ್ರೆಡ್ 10 ಮಿ.ಮೀ., ಪಿಚ್ 1 ಮಿ.ಮೀ. ದೊಡ್ಡಪ್ಪನ ಹಳೇ ಹಿಂದಿನ ಚಕ್ರದ ಆಕ್ಸಲಿನದೂ ಅದೇ ಥ್ರೆಡ್. ಹೊಸ ಚಕ್ರವನ್ನು ಫ್ರೇಮಿಗೆ ಹಾಕಿ, ಹಳೇ ಚಕ್ರದ ಆಕ್ಸಲನ್ನು ಹ್ಯಾಂಗರಿಗೇ ತಿರುಗಿಸಿ ಕೂರಿಸಿದರು. ಎರಡು ಚಕ್ರ ಅಕ್ಕಪಕ್ಕ ನಿಂತವು. ಎರಡು ರಿಮ್ಮುಗಳ ನಡುವಿನ ಸಂದು ಮೇಲೆ, ಕೆಳಗೆ, ಹಿಂದೆ, ಮುಂದೆ ಒಂದೇ ಇರಬೇಕು. ಕೆಳಗೆ ಬೆರಳಿನಷ್ಟು ಜಾಸ್ತಿ ಇತ್ತು. ಹಳೇ ಚಕ್ರವನ್ನೇ ಹಿಡಿದು ಮೆಲ್ಲಗೆ ಒತ್ತಿ ಸರಿ ಮಾಡಿದರು.

ಬ್ರೇಕು: ಸೆಟ್ ಕೈಕೊಟ್ಟ ಜಾಗ

ರಿಮ್ 630ರಿಂದ 622ಕ್ಕೆ ಇಳಿದರೆ ಬ್ರೇಕ್ ರಬ್ಬರು 4 ಮಿ.ಮೀ. ಕೆಳಗೆ ಎಟಕಬೇಕು. ಬ್ರೇಕ್ ಬೋಲ್ಟಿನಿಂದ ಹೊಸ ರಿಮ್ಮಿಗೆ ಅಳೆದರೆ 54 ಮಿ.ಮೀ. ಮಂಗಳೂರಿನ ಸೈಕಲಿನ ಬ್ರೇಕು ಎಟಕುವುದು 39ರಿಂದ 49ರವರೆಗೆ ಮಾತ್ರ. ಹಳೇ ಬ್ರೇಕು ಎಟಕುತ್ತಿತ್ತು, ಹಿಡಿತ ಸಾಲದು. 47ರಿಂದ 57ರವರೆಗೆ ಎಟಕುವ ಡ್ಯುಯಲ್ ಪಿವಟ್ (ಎರಡು ಕೀಲಿನ) ಬ್ರೇಕು ಬೇರೆ ಹುಡುಕಬೇಕಾಯಿತು.

ಇನ್ನೊಂದು ತೊಡಕು ಬೋಲ್ಟಿನದು. ಹಳೇ ಫ್ರೇಮಿನಲ್ಲಿ ಬ್ರೇಕ್ ಬೋಲ್ಟ್ ಆರ್‌ಪಾರ್ ಹೋಗಿ ಹಿಂದೆ ಸಾದಾ ನಟ್. ಈಗಿನದರಲ್ಲಿ ಬೋಲ್ಟ್ ಗಿಡ್ಡ, ನಟ್ ತೂತಿನೊಳಗೇ ಹೋಗಿ ಕೂರುತ್ತದೆ. ಮುಂದಿನ ಫೋರ್ಕಿನ ಹಿಂಬದಿ ತೂತನ್ನಷ್ಟೇ 8 ಮಿ.ಮೀ.ಗೆ ದೊಡ್ಡದು ಮಾಡಿದೆವು. ಹಿಂದಿನ ಸಪೂರ ಅಡ್ಡಪಟ್ಟಿಗೆ ಡ್ರಿಲ್ ಹಾಕಲು ಮನಸ್ಸು ಬರಲಿಲ್ಲ. ಮುಂದಿನ ಬ್ರೇಕಿನ ಬೋಲ್ಟ್ ಉದ್ದ ಇರುತ್ತದೆ. ಅದನ್ನೇ ಹಿಂದಕ್ಕೂ ಹಾಕಿದರೆ ಸಾದಾ ನಟ್ ಸಾಕು. ಆದ್ದರಿಂದ ಎರಡೂ ಮುಂದಿನ ಬ್ರೇಕುಗಳನ್ನೇ ಹುಡುಕಿ ತಂದೆವು.

ಉಳಿದದ್ದು ಬೇಗ ಮುಗಿಯಿತು. ಹಳೇ ಹ್ಯಾಂಡಲಿನ ದಪ್ಪ 23.8 ಮಿ.ಮೀ., ಹೊಸ ಲಿವರಿನ ಪಟ್ಟಿಯೂ ಅದಕ್ಕೇ, ಹಾಗಾಗಿ ಹ್ಯಾಂಡಲ್, ಸ್ಟೆಮ್ ದೊಡ್ಡಪ್ಪನದೇ ಉಳಿದವು. ಕೆಳಗಿನ ಪೈಪಿನ ಗೇರ್ ಲಿವರ್ ತೆಗೆದು ಅದೇ ಗುಬಟಿಗೆ ಕೇಬಲ್ ಸ್ಟಾಪ್ ಹಾಕಿದೆವು. ಮುಂದಿನ ಡಿರೇಲರಿನ ಬಳೆ 31.8, ಸೀಟಿನ ಪೈಪು 28.6, ನಡುವೆ ಒಂದು ಶಿಮ್, ಅಂದರೆ ಸಂದು ತುಂಬುವ ತೆಳು ಬಳೆ. ಲಿವರೊಂದರಲ್ಲಿ ಹಳೇ ಗ್ರೀಸ್ ಅಂಟಾಗಿ ಕ್ಲಿಕ್ ಹಿಡಿಯುತ್ತಿರಲಿಲ್ಲ. ಸ್ಪ್ರೇಯಲ್ಲಿ ಚೆನ್ನಾಗಿ ತೊಳೆದು, ತೆಳು ಎಣ್ಣೆ ಬಿಟ್ಟ ಮೇಲೆ ಸರಿಹೋಯಿತು. ಹೊಸ ಬಿಬಿ ಕಪ್ಪು ಕೂರುವ ಮುಖದಲ್ಲಿ ಪೈಂಟ್ ದಪ್ಪಗಿತ್ತು, ಕೆರೆದು ಉಕ್ಕು ಕಾಣುವ ಹಾಗೆ ಮಾಡಿದೆವು.

ಒಳಗಿನ ಎಣ್ಣೆ, ಖರ್ಚು, ಓಡಿಸಿದ ಮೇಲೆ

ಜೋಡಿಸುವ ಮೊದಲು ಪೈಪುಗಳ ಒಳಗೆ ಎಣ್ಣೆ ಹೊಯ್ದು ಎಲ್ಲ ಕಡೆ ಹರಿಯುವ ಹಾಗೆ ತಿರುಗಿಸಿ ಬಸಿದೆವು. ಮನೆಯಲ್ಲಿ ಬೇಕಾದಷ್ಟು ತೆಂಗಿನೆಣ್ಣೆ ಉಂಟಲ್ಲ ಎಂದರು ಅತ್ತೆ. ತೆಂಗಿನೆಣ್ಣೆ ಒಣಗುವುದಿಲ್ಲ, ಹಾಗೇ ಇಳಿದು ಹೋಗುತ್ತದೆ. ಅಗಸೆ ಎಣ್ಣೆ ಗಾಳಿ ತಾಗಿ ಗಟ್ಟಿಯಾಗಿ ಪದರ ಕಟ್ಟುತ್ತದೆ. ಪೈಂಟ್ ಅಂಗಡಿಯಲ್ಲಿ ಸಿಗುವ ಬಾಯಿಲ್ಡ್ ಲಿನ್‌ಸೀಡ್ ಎಣ್ಣೆ ಇದೇ. ಒಂದು ಎಚ್ಚರಿಕೆ ಹೇಳಲೇಬೇಕು: ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಒಣಗುವಾಗ ಬಿಸಿಯೇರಿ ತಾನಾಗಿಯೇ ಬೆಂಕಿ ಹಿಡಿಯಬಹುದು. ಹರಡಿ ಒಣಗಿಸಿ, ಅಥವಾ ನೀರಲ್ಲಿ ನೆನೆಸಿಡಿ.

ಮಂಗಳೂರಿನ ಸೈಕಲ್, ಬೇರೆ ಬ್ರೇಕು, ಹೊಸ ಸಾಮಾನು, ಇಚ್ಚನ ಮಜೂರಿ ಎಲ್ಲ ಸೇರಿ 25 ಸಾವಿರದ ಹತ್ತಿರ ಬಂತು. ಅಲ್ಲಿಂದ ಬಂದ ಗಿಡ್ಡ ಬ್ರೇಕು ಮಾರಿ ಸ್ವಲ್ಪ ವಾಪಸ್ ಸಿಕ್ಕಿತು. ಬಿಡಿಬಿಡಿಯಾಗಿ ಕೊಂಡಿದ್ದರೆ ಚಕ್ರ ಮತ್ತು ಲಿವರುಗಳಿಗೇ ಇಷ್ಟು ಹೋಗುತ್ತಿತ್ತು ಎಂದು ನನ್ನ ಅಂದಾಜು.

ಓಡಿಸುವಾಗ ಗೊತ್ತಾಗುವ ದೊಡ್ಡ ವ್ಯತ್ಯಾಸ ಗೇರಿನದಲ್ಲ, ಬ್ರೇಕಿನದು. ಸೀತಾಂಗೋಳಿಯಿಂದ ಕುಂಬಳೆ ಕಡೆಗೆ ಇಳಿಯುವಾಗ ಎರಡು ಬೆರಳಲ್ಲಿ ಸೈಕಲ್ ನಿಲ್ಲುತ್ತದೆ. ಮೊದಲು ಇಡೀ ಕೈ ಬಿಗಿಹಿಡಿದರೂ ಜಾರುತ್ತಿತ್ತು. ಏರಿನಲ್ಲಿ 34ಕ್ಕೆ 32 ಹಾಕಿ ಭಾವ ಮಾತಾಡುತ್ತಾ ಹತ್ತುತ್ತಾನೆ. ಚಕ್ರ ಸಣ್ಣದಾದ್ದರಿಂದ ಸಿಕ್ಕಿದ ಜಾಗದಲ್ಲಿ 28 ಮಿ.ಮೀ. ಟಯರೂ ಮಡ್‌ಗಾರ್ಡೂ ಎರಡೂ ಕೂತಿವೆ. ನಮ್ಮಲ್ಲಿ ಮಡ್‌ಗಾರ್ಡ್ ಇಲ್ಲದ ಸೈಕಲ್ ಅರ್ಧ ವರ್ಷಕ್ಕೆ ಮಾತ್ರ.

ಇನ್ನೂ ಸರಿಯಾಗಬೇಕಾದ್ದು ಇದೆ. ಮುಂದೆ ದೊಡ್ಡ ಹಲ್ಲುಚಕ್ರ, ಹಿಂದೆಯೂ ದೊಡ್ಡದು ಹಾಕಿದರೆ ಚೈನು ಮುಂದಿನ ಡಿರೇಲರಿಗೆ ಉಜ್ಜುತ್ತದೆ. ಆ ಜೋಡಿಯನ್ನು ಹೇಗೂ ಬಳಸಬಾರದು, ಚೈನು ತೀರಾ ಓರೆಯಾಗುತ್ತದೆ. ಮುಂದಿನ ಮಳೆಗಾಲಕ್ಕೆ ಮೊದಲು ಸೀಟಿನ ಕಂಬ ಎತ್ತಿ ಹೊಸ ಗ್ರೀಸ್ ಹಾಕಬೇಕು, ಬಿಬಿ ಶೆಲ್ಲಿನ ತಳದಲ್ಲಿ ನೀರು ಬಸಿಯಲು ಒಂದು ಸಣ್ಣ ತೂತು ಮಾಡಿಸಬೇಕು. ಆ ತೂತಿಗೆ ತೆಳು ಜಾಳಿಗೆ ಹಾಕಿಸುವುದೆಂದು ಇಚ್ಚ ಹೇಳಿದ್ದಾರೆ, ಕುಂಬಾರ ಹುಳ ಮತ್ತೆ ಒಳಗೆ ಹೋಗದ ಹಾಗೆ.